ತಿದ್ದುವ ಕೈ ಯಾರದು?

ಕನ್ನಡದಲ್ಲಿ ‘ತಿದ್ದು’ ಎಂಬ ಒಂದೇ ಕ್ರಿಯಾಪದ ಮೂರು ಕೆಲಸಗಳಿಗೆ ದುಡಿಯುತ್ತದೆ. ಮೇಷ್ಟ್ರು ಸ್ಲೇಟಿನ ಮೇಲೆ ಬರೆದುಕೊಟ್ಟ ಅಕ್ಷರದ ಮೇಲೇ ಮಗು ಬಳಪ ಆಡಿಸುವುದು ತಿದ್ದುವುದು. ಮಗು ಬರೆದುದರಲ್ಲಿ ತಪ್ಪು ಹುಡುಕಿ ಮೇಷ್ಟ್ರು ಕೆಂಪು ಶಾಯಿ ಹಾಕುವುದೂ ತಿದ್ದುವುದು. ಬರೆದಾತನೇ ತನ್ನ ಸಾಲನ್ನು ಮತ್ತೆ ಓದಿ, ಮನಸ್ಸಿಗೆ ಒಪ್ಪದೆ, ಹೊಡೆದುಹಾಕಿ ಬೇರೆಯದನ್ನು ಬರೆಯುವುದೂ ತಿದ್ದುವುದೇ. ನಮ್ಮ ಶಾಲೆಗಳು ಮೊದಲೆರಡನ್ನು ಮಾತ್ರ ಕಲಿಸುತ್ತಾ ಬಂದಿವೆ. ಮೂರನೆಯ ತಿದ್ದುವಿಕೆಯನ್ನು ಮಕ್ಕಳಿಗೆ ಯಾರೂ ತೋರಿಸಿಕೊಡುವುದಿಲ್ಲ. ವಿಚಿತ್ರವೆಂದರೆ ಕನ್ನಡ ವಿಮರ್ಶೆಯೂ ದಲಿತ ಲೇಖಕನಿಗೆ ಈ ಮೂರನೆಯದನ್ನು ಒಪ್ಪಿಕೊಡಲು ಬಹಳ ಕಾಲ ಹಿಂದೆಮುಂದೆ ನೋಡಿದೆ. ಈ ಎರಡು ಸಂಗತಿಗಳಿಗೆ ಒಳಸಂಬಂಧ ಇದೆ ಎಂದು ನನಗೆ ಅನ್ನಿಸಿದ್ದು ಯಾವ ಗ್ರಂಥ ಓದಿಯೂ ಅಲ್ಲ, ಒಂದು ಹಳ್ಳಿಯ ಹತ್ತನೇ ತರಗತಿಯ ಹುಡುಗಿಯೊಬ್ಬಳ ನೋಟ್‌ಬುಕ್ ನೋಡಿ.

ದಲಿತ ವಿಮರ್ಶೆ ಎಂದು ನಾವು ಕರೆಯುತ್ತಿರುವ ಬರವಣಿಗೆ ಅಚ್ಚಾದ ಪುಸ್ತಕದಿಂದಲೇ ಕೆಲಸ ಶುರುಮಾಡುತ್ತದೆ. ವಸ್ತು ಏನು, ಅನುಭವ ಅಧಿಕೃತವೇ, ಬರೆದವರು ಯಾವ ಕೇರಿಯವರು, ಆಕ್ರೋಶ ಎಷ್ಟಿದೆ, ಆಕೃತಿ ಎಲ್ಲಿ ಸಡಿಲವಾಯಿತು, ಇವು ನಮ್ಮ ಪ್ರಶ್ನೆಗಳು. ಅಚ್ಚಾಗುವುದಕ್ಕೆ ಹತ್ತು ವರ್ಷ ಮುಂಚೆ, ಹೈಸ್ಕೂಲಿನ ಬೆಂಚಿನ ಮೇಲೆ ಆ ಕೈಗೆ ಏನಾಯಿತು ಎಂಬುದನ್ನು ಶಿಕ್ಷಣಶಾಸ್ತ್ರದವರಿಗೆ ಬಿಟ್ಟುಕೊಟ್ಟಿದ್ದೇವೆ. ಅವರು ಅದನ್ನು ಬಿ.ಎಡ್. ಪಠ್ಯದ ‘ಲೇಖನ ಕೌಶಲ’ ಎಂಬ ಅಧ್ಯಾಯಕ್ಕೆ ಬಿಟ್ಟಿದ್ದಾರೆ. ಈ ನಡುವೆ ಮಕ್ಕಳು ಗೈಡು ಓದಿಕೊಂಡು ಪಾಸಾಗುತ್ತಿದ್ದಾರೆ.

ಬೆಳ್ಳಾವಿ ತುಮಕೂರು ತಾಲ್ಲೂಕಿನ ಒಂದು ಹೋಬಳಿ. ಬರವಣಿಗೆಯ ಚರಿತ್ರೆಯಲ್ಲಿ ಈ ಊರಿಗೆ ಒಂದು ಹೆಸರಿದೆ. ಗುಬ್ಬಿ ಕಂಪನಿಗೆ ನಾಟಕ ಬರೆದುಕೊಟ್ಟ, 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ಕ್ಕೆ ಮಾತು-ಹಾಡು ಬರೆದ ನರಹರಿಶಾಸ್ತ್ರಿಗಳು ತಮ್ಮ ಹೆಸರಿನ ಮುಂದೆ ಹೊತ್ತದ್ದು ಈ ಬೆಳ್ಳಾವೆಯನ್ನೇ. ಕಂಪನಿ ನಾಟಕದ ಬರವಣಿಗೆ ರಂಗದ ಮೇಲೆ, ಜನರ ಎದುರು ತಿದ್ದಿಕೊಳ್ಳುತ್ತಾ ಹೋಗುವ ಬರವಣಿಗೆ. ನಟನ ಬಾಯಲ್ಲಿ ನಿಲ್ಲದ ಮಾತು ಹಸ್ತಪ್ರತಿಯಲ್ಲೂ ಬಹಳ ದಿನ ನಿಲ್ಲಲಾರದು. ಈ ಸುತ್ತಿನ ಮಕ್ಕಳನ್ನು ನಾನು ಕೇಳಿದಾಗ ಅವರ ಹೆಸರು ಒಬ್ಬರಿಗೂ ಗೊತ್ತಿರಲಿಲ್ಲ. ಅದಕ್ಕೆ ಮಕ್ಕಳನ್ನು ಬಯ್ಯುವ ಹಾಗಿಲ್ಲ.

ಈ ಹೋಬಳಿಯ ಒಂದು ಹಳ್ಳಿಯ ಅಂಬೇಡ್ಕರ್ ಭವನದಲ್ಲಿ ಕೆಲವು ಭಾನುವಾರ ಕೇರಿಯ ಮಕ್ಕಳನ್ನು ಕೂರಿಸಿಕೊಂಡು ಪ್ರಬಂಧ ಬರೆಸುತ್ತಿದ್ದೆ. ಹನ್ನೆರಡು ಮಕ್ಕಳು. ಮೊದಲ ದಿನ ‘ನಮ್ಮೂರ ಜಾತ್ರೆ’ ಎಂಬ ಹಳೇ ವಿಷಯವನ್ನೇ ಕೊಟ್ಟೆ. ಹನ್ನೆರಡೂ ಪ್ರಬಂಧಗಳು ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಮೂರು ಉಪಶೀರ್ಷಿಕೆ ಹಾಕಿಕೊಂಡು, ಗೆರೆ ಎಳೆದುಕೊಂಡು ಬಂದವು. ನಮ್ಮೂರ ಜಾತ್ರೆಯು ಪ್ರತಿವರ್ಷ ಬಹಳ ವಿಜೃಂಭಣೆಯಿಂದ ನಡೆಯುತ್ತದೆ. ಜಾತಿಮತ ಭೇದವಿಲ್ಲದೆ ಎಲ್ಲರೂ ಒಂದಾಗಿ ತೇರನ್ನು ಎಳೆಯುತ್ತಾರೆ. ಈ ಎರಡು ವಾಕ್ಯಗಳು ಒಂದಕ್ಷರ ಆಚೀಚೆ ಇಲ್ಲದೆ ಹನ್ನೆರಡು ಕಡೆ ಇದ್ದವು.

ಮೂಲೆಯಲ್ಲಿ ಕೂತಿದ್ದ ಹುಡುಗಿಯೊಬ್ಬಳನ್ನು ಕೇಳಿದೆ: “ತೇರು ಎಳೀವಾಗ ನೀನೆಲ್ಲಿದ್ದೆಮ್ಮಾ?”

“ಆ ಕಡೆ ಬೇಲಿ ಅತ್ರ ಸಾ.”

“ಹಗ್ಗ ಹಿಡಕೊಂಡಿದ್ದೆಯಾ?”

ಮಕ್ಕಳೆಲ್ಲ ನಕ್ಕರು. ಅವಳೂ ನಕ್ಕಳು. “ನಮ್ಮುನ್ನ ಯಾಕ್ ಸಾ ಮುಟ್ಟುಸ್ತಾರೆ?”

“ಮತ್ತೆ ಎಲ್ಲರೂ ಎಳೀತಾರೆ ಅಂತ ಬರೆದಿದ್ದೀಯಲ್ಲ?”

ಆಕೆಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಏನೂ ತಿಳಿಯದ ಮನುಷ್ಯನಿಗೆ ತಿಳಿಸಿಹೇಳುವಂತೆ ಅಂದಳು: “ಅದು ಪ್ರಬಂಧ ಅಲ್ವಾ ಸಾ.”

ಕನ್ನಡ ಶಾಲಾ ಪ್ರಬಂಧ ಎಂಬ ಸಾಹಿತ್ಯ ಪ್ರಕಾರಕ್ಕೆ ಇದಕ್ಕಿಂತ ಖಚಿತವಾದ ವ್ಯಾಖ್ಯೆಯನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಪ್ರಬಂಧ ಎನ್ನುವುದು ತನಗೆ ಗೊತ್ತಿರುವುದನ್ನು ಬದಿಗಿಟ್ಟು ಬರೆಯಬೇಕಾದದ್ದು ಎಂದು ಅವಳಿಗೆ ಚೆನ್ನಾಗಿ ಗೊತ್ತಿದೆ. ಸುಳ್ಳು ಬರೆಯುತ್ತಿದ್ದೇನೆ ಎಂಬ ಅಳುಕು ಅವಳಿಗಿಲ್ಲ, ಯಾಕೆಂದರೆ ಪ್ರಬಂಧಕ್ಕೆ ನಿಜ-ಸುಳ್ಳಿನ ಹಂಗೇ ಇಲ್ಲ. ಅಸ್ಪೃಶ್ಯತೆಯ ಬಗ್ಗೆ ಸಮಾಜವಿಜ್ಞಾನದಲ್ಲಿ ಅವಳು ಪಾಠ ಓದಿದ್ದಾಳೆ, 17ನೇ ವಿಧಿ ಬಾಯಿಪಾಠ ಬರುತ್ತದೆ. ಆದರೆ ಬೇಲಿ ಹತ್ತಿರ ನಿಂತ ತನ್ನನ್ನು ಪ್ರಬಂಧದೊಳಕ್ಕೆ ಕರೆದುಕೊಳ್ಳುವ ದಾರಿಯನ್ನು ಅವಳಿಗೆ ಯಾರೂ ತೋರಿಸಿಲ್ಲ.

ಉಳಿದ ಪ್ರಕಾರಗಳ ಕತೆಯೂ ಇದೇ. ಗಾದೆ ವಿಸ್ತರಿಸಿ ಎಂದರೆ ಸಾಕು, ಗಾದೆಗಳು ವೇದಗಳಿಗೆ ಸಮಾನ, ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂದು ಮಕ್ಕಳು ಕಣ್ಣುಮುಚ್ಚಿಕೊಂಡು ಶುರುಮಾಡುತ್ತಾರೆ. ವೇದ ಕೇಳಿಸಿಕೊಳ್ಳುವ ಹಕ್ಕೇ ಇಲ್ಲದಿದ್ದವರ ಮೊಮ್ಮಕ್ಕಳು, ಎಷ್ಟೋ ಗಾದೆಗಳಲ್ಲಿ ತಮ್ಮ ಜಾತಿಯ ಹೆಸರೇ ಬಯ್ಗುಳವಾಗಿರುವುದನ್ನು ಕೇಳಿಕೊಂಡೇ ಬೆಳೆದವರು, ಎರಡಕ್ಕೂ ಒಂದೇ ಉಸಿರಿನಲ್ಲಿ ಪ್ರಮಾಣಪತ್ರ ಕೊಡಬೇಕು. ಪತ್ರಲೇಖನವಂತೂ ಇನ್ನೂ ಸೊಗಸು. ಪ್ರವಾಸಕ್ಕೆ ಹಣ ಕಳಿಸಿ ಎಂದು ‘ತೀರ್ಥರೂಪು ತಂದೆಯವರಿಗೆ’ ಸಾಷ್ಟಾಂಗ ನಮಸ್ಕಾರಗಳೊಂದಿಗೆ ಬರೆಯುವ ಪತ್ರ. ಆ ತೀರ್ಥರೂಪು ಬೆಳಗಿನಿಂದ ತೆಂಗಿನ ನಾರು ಹೊಸೆದು ಸುಸ್ತಾಗಿ ಕೂತಿದ್ದಾನೆ. ಓದಲು ಬರುವುದಿಲ್ಲ. ಪತ್ರ ನಿಜಕ್ಕೂ ಹೋದರೆ ಬರೆದ ಮಗಳೇ ಬಂದು ಓದಿ ಹೇಳಬೇಕು.

ಎರಡನೇ ವಾರ ಹುಡುಗಿಗೆ ಹೇಳಿದೆ, ಗೈಡು ಮುಚ್ಚಿಡು, ಜಾತ್ರೆ ದಿನ ಎದ್ದ ಕೂಡಲೆ ನೀನು ಏನು ಮಾಡಿದೆ ಅದನ್ನು ಬರಿ. ಅರ್ಧ ಪುಟ ಬರೆದಳು. ಅವಳದೇ ಕಾಗುಣಿತದಲ್ಲಿ ಕೊಡುತ್ತೇನೆ:

“ತೇರಿನ ದಿನ ನಮ್ಮಪ್ಪ ಬೆಳಿಗ್ಗೆನೆ ಓಗುತ್ತಾರೆ. ನಾನು ನನ್ನ ತಮ್ಮ ಒಣಗಿದ ಗರಿ ಆಯುತ್ತೇವೆ. ತಮಟೆ ಕಾಯಿಸುವುದಕ್ಕೆ. ತಮಟೆ ಕಾಯದೆ ಇದ್ದರೆ ಸದ್ದು ಬರುವುದಿಲ್ಲ. ತಮಟೆ ಸದ್ದು ಬರದೆ ತೇರು ಒರಡುವುದಿಲ್ಲ. ತೇರು ಒರಟ ಮೇಲೆ ನಾವು ಅತ್ತಿರ ಇರುವುದಿಲ್ಲ.”

ಇಲ್ಲಿ ಕೆಂಪು ಶಾಯಿಯ ವಿಷಯ ಬರುತ್ತದೆ. ಓಗು, ಒರಡು, ಒರಟ, ಅತ್ತಿರ: ಆರು ಸಾಲಿನಲ್ಲಿ ನಾಲ್ಕು ‘ತಪ್ಪು’. ತುಮಕೂರು ಸೀಮೆಯ ಹಳ್ಳಿಗಳಲ್ಲಿ ಹಕಾರ ಬಾಯಲ್ಲಿ ನಿಲ್ಲುವುದಿಲ್ಲ, ಕೇರಿಯಲ್ಲಿ ಮಾತ್ರವಲ್ಲ, ಊರೊಳಗೂ ನಿಲ್ಲುವುದಿಲ್ಲ. ಭಾಷಾಚರಿತ್ರೆ ಓದಿದವರಿಗೆ ಗೊತ್ತಿರುವ ಸಂಗತಿ ಏನೆಂದರೆ, ಈಗ ಶುದ್ಧ ಎಂದು ಕರೆಯುವ ಹಾಲು, ಹಳ್ಳಿಗಳ ಹಕಾರವೇ ಒಂದು ಕಾಲದ ‘ತಪ್ಪು’. ಹಳಗನ್ನಡದ ಪಾಲ್, ಪಳ್ಳಿಗಳ ಪಕಾರ ಹತ್ತನೇ ಶತಮಾನದ ಆಸುಪಾಸಿನಿಂದ ಸವೆಯುತ್ತಾ ಬಂದು ಹಕಾರವಾಯಿತು. ನಮ್ಮ ಹುಡುಗಿ ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದಿದ್ದಾಳೆ ಅಷ್ಟೆ. ಆವತ್ತಿನ ಸವೆತವನ್ನು ಭಾಷೆಯ ಬೆಳವಣಿಗೆ ಎಂದು ಎಂ.ಎ. ತರಗತಿಯಲ್ಲಿ ಪಾಠ ಮಾಡುತ್ತೇವೆ, ಇವತ್ತಿನ ಸವೆತಕ್ಕೆ ಅಂಕ ಕಳೆಯುತ್ತೇವೆ. ಊರಿನ ಹುಡುಗ ಅದೇ ತಪ್ಪು ಮಾಡಿದರೆ ಅದು ಅವಸರ, ಕೇರಿಯ ಹುಡುಗಿ ಮಾಡಿದರೆ ಅದು ಸಂಸ್ಕಾರ. ಮಹಾಪ್ರಾಣಗಳನ್ನೇ ಕನ್ನಡ ಬರಹದಿಂದ ಕೈಬಿಡೋಣ ಎಂದು ಡಿ.ಎನ್. ಶಂಕರಭಟ್ಟರು ವಾದಿಸಿದರು. ಬಹುಸಂಖ್ಯಾತರ ಬಾಯಲ್ಲಿ ಇಲ್ಲದ್ದನ್ನು ಬರಹದಲ್ಲಿ ಕಡ್ಡಾಯ ಮಾಡುವುದೇಕೆ ಎಂಬ ಅವರ ಪ್ರಶ್ನೆಗೆ ಸರಿಯಾದ ಉತ್ತರ ಇನ್ನೂ ಬಂದಿಲ್ಲ. ಆದರೂ ನನಗೊಂದು ಅನುಮಾನ. ನಾವು ಕಷ್ಟಪಟ್ಟು ಹತ್ತಿದ ಮೇಲೆ ಏಣಿಯೇ ಬೇಡ ಎಂದರೆ ಕೆಳಗೆ ಉಳಿಯುವವರು ಯಾರು?

ಇರಲಿ. ಮೂರನೇ ವಾರದ ಸಂಗತಿ ಮುಖ್ಯ. ಅವಳ ಕೊನೆಯ ಸಾಲು ನನಗೆ ಬಹಳ ಹಿಡಿಸಿತ್ತು. ತೇರು ಹೊರಡಿಸುವವರೇ ತೇರಿನ ಹತ್ತಿರ ಇರುವಂತಿಲ್ಲ ಎಂಬ ವ್ಯಂಗ್ಯ ಅದರಲ್ಲಿ ತಾನಾಗಿ ಮೂಡಿತ್ತು, ನನ್ನಂಥವನು ಲೇಖನದಲ್ಲಿ ಉದ್ಧರಿಸಲು ಹೇಳಿ ಮಾಡಿಸಿದ ಸಾಲು. ಇನ್ನೊಂದು ಸಲ ಓದಿಕೊಂಡು ಬೇಕಾದರೆ ತಿದ್ದು ಎಂದೆ. ಅವಳು ನೇರವಾಗಿ ಆ ಸಾಲನ್ನೇ ಹೊಡೆದುಹಾಕಿದಳು. ಅದರ ಜಾಗದಲ್ಲಿ ಬರೆದದ್ದು: “ತೇರು ಒರಟ ಮೇಲೆ ಬೆಂಕಿ ಆರಿಸುವುದು ನಮ್ಮ ಕೆಲಸ.”

“ಮೊದಲಿನದೇ ಚೆನ್ನಾಗಿತ್ತಲ್ಲಮ್ಮಾ” ಎಂದೆ.

“ಅತ್ರ ಬುಡಲ್ಲ ಅನ್ನೋದು ಎಲ್ಲಾರ್ಗೂ ಗೊತ್ತು ಸಾ. ಬೆಂಕಿ ಆರ್ಸೋದು ಯಾರ್ಗೂ ಗೊತ್ತಿಲ್ಲ.”

ನಮ್ಮ ವಿಮರ್ಶೆಯ ಒಂದು ದೊಡ್ಡ ಗೊಂದಲ ಇಲ್ಲಿ ಬಯಲಾಯಿತು ಎಂದು ನನ್ನ ಭಾವನೆ. ಪ್ರಗತಿಪರ ವಿಮರ್ಶಕನಾದ ನಾನು ಅವಳಿಂದ ಬಯಸಿದ್ದು ನೋವಿನ ಸಾಲನ್ನು. ಅವಳು ಬರೆಯಬೇಕೆಂದದ್ದು ಕೆಲಸದ ಸಾಲನ್ನು. ಹೊರಗಿಡಲ್ಪಟ್ಟವಳು ಎಂಬ ಚಿತ್ರವನ್ನು ಅಳಿಸಿ, ಎಲ್ಲರೂ ದೇವರ ಹಿಂದೆ ಹೋದ ಮೇಲೂ ಒಂದು ಕೆಲಸ ಉಳಿದಿರುವವಳು ಎಂಬ ಚಿತ್ರವನ್ನು ಅವಳು ಇಟ್ಟಳು. ಗೈಡು ಅವಳಿಗೆ ಒಂದು ಪ್ರಬಂಧ ಬರೆದುಕೊಟ್ಟಿತ್ತು. ನಾನೂ ಇನ್ನೊಂದನ್ನು ಬರೆದುಕೊಡುವುದರಲ್ಲಿದ್ದೆ.

ದಲಿತ ಸಾಹಿತ್ಯದ ಬಗ್ಗೆ ಎಪ್ಪತ್ತರ ದಶಕದಿಂದ ಕೇಳಿಬಂದ ಮೆಚ್ಚುಗೆಯನ್ನೂ ಆಕ್ಷೇಪವನ್ನೂ ಒಟ್ಟಿಗೆ ಇಟ್ಟು ನೋಡಿ. ಮೆಚ್ಚಿದವರು ‘ಹಸಿ ಹಸಿ ಅನುಭವ’ ಎಂದರು. ಆಕ್ಷೇಪಿಸಿದವರು ‘ಅನುಭವ ಹಸಿಯಾಗೇ ಉಳಿದಿದೆ, ಕಲೆಯಾಗಿಲ್ಲ’ ಎಂದರು. ಎರಡೂ ಪಕ್ಷಗಳಿಗೆ ಒಂದು ವಿಷಯದಲ್ಲಿ ಒಮ್ಮತವಿತ್ತು: ದಲಿತ ಲೇಖಕ ಬರೆಯುವುದಿಲ್ಲ, ಅವನಿಂದ ಬರವಣಿಗೆ ಉಕ್ಕುತ್ತದೆ. ಉಕ್ಕುವುದಕ್ಕೆ ಕರಡು ಪ್ರತಿ ಎಲ್ಲಿಂದ ಬರಬೇಕು? ಶಿಲ್ಪ, ಸಂಯಮ, ತಿದ್ದುಪಡಿ ಇವೆಲ್ಲ ನವ್ಯರ ಆಸ್ತಿಯಾಯಿತು, ಅನುಭವ ಮಾತ್ರ ನಮ್ಮ ಪಾಲಿಗೆ ಬಂತು. ಜಮೀನು ಹಂಚಿದ ಹಾಗೇ ಇದನ್ನೂ ಹಂಚಿದರು.

ಹಸಿ ಎಂಬ ಈ ಮಾತನ್ನೇ ತೆಗೆದುಕೊಳ್ಳೋಣ. ತುಮಕೂರಿನಲ್ಲಿ ಬಾಳಿ, ಇಲ್ಲೇ ಇಂಗ್ಲಿಷ್ ಪಾಠ ಹೇಳಿ, 2019ರಲ್ಲಿ ತೀರಿಕೊಂಡ ಕೆ.ಬಿ. ಸಿದ್ದಯ್ಯನವರು ‘ಬಕಾಲ’, ‘ದಕ್ಲಕಥಾ ದೇವಿ ಕಾವ್ಯ’, ‘ಅನಾತ್ಮ’ಗಳ ಜೊತೆಗೆ ‘ಗಲ್ಲೇಬಾನಿ’ ಎಂಬ ಖಂಡಕಾವ್ಯವನ್ನೂ ಬರೆದರು. ಗಲ್ಲೇಬಾನಿ ಎಂದರೆ ಚರ್ಮ ಹದಮಾಡುವ ಬಾನಿ. ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲು ಹೆರೆದು, ತಂಗಡಿ ಚಕ್ಕೆಯ ನೀರಿನಲ್ಲಿ ದಿನಗಟ್ಟಲೆ ಮುಳುಗಿಸಿ, ಮಗುಚಿ, ಮತ್ತೆ ಮುಳುಗಿಸಿ ಹದಕ್ಕೆ ತರುವ ಕೆಲಸ ಅದು. ಹಸಿ ಚರ್ಮದಲ್ಲಿ ಯಾರೂ ಮೆಟ್ಟು ಹೊಲಿದಿಲ್ಲ. ಆ ಬಾನಿಯನ್ನು ಶತಮಾನಗಳಿಂದ ಕಾಯ್ದುಕೊಂಡು ಬಂದವರ ಬರವಣಿಗೆಯನ್ನು ಹಸಿ ಎಂದು ಹೊಗಳುವುದಕ್ಕೆ, ಆ ಬೀದಿಯ ಕಡೆ ಎಂದೂ ತಲೆ ಹಾಕದವರಿಗೆ ಮಾತ್ರ ಸಾಧ್ಯ.

ಸಿದ್ಧಲಿಂಗಯ್ಯನವರ ‘ಊರುಕೇರಿ’ಯ ಪ್ರಾರಂಭದಲ್ಲಿ ನೊಗಕ್ಕೆ ಎತ್ತಿನ ಬದಲು ಇಬ್ಬರು ಮನುಷ್ಯರು ಹೆಗಲು ಕೊಟ್ಟಿರುವುದನ್ನು ಹುಡುಗ ನೋಡುತ್ತಾನೆ, ಅದರಲ್ಲೊಬ್ಬ ತನ್ನ ಅಪ್ಪ. ಲೇಖಕರು ಇದನ್ನು ಕೆಲವೇ ಮಾತುಗಳಲ್ಲಿ ಹೇಳಿ ಮುಂದಕ್ಕೆ ಹೋಗಿಬಿಡುತ್ತಾರೆ. ಇದನ್ನು ‘ಮುಗ್ಧ ನಿರೂಪಣೆ’ ಎನ್ನುವವರಿದ್ದಾರೆ. ‘ಹೊಲೆಮಾದಿಗರ ಹಾಡು’ (1975) ಬರೆದು, ಸಿಟ್ಟಿನ ಭಾಷೆಯನ್ನು ಬೀದಿಗಳಲ್ಲಿ ಹಾಡಿಸಿ, ಅದರ ಶಕ್ತಿ-ಮಿತಿ ಎರಡನ್ನೂ ಕಂಡ ಮನುಷ್ಯ ಇಪ್ಪತ್ತು ವರ್ಷದ ನಂತರ ಅದೇ ಬದುಕನ್ನು ಸಿಟ್ಟು ತೆಗೆದಿಟ್ಟು ಬರೆಯುವುದರಲ್ಲಿ ಮುಗ್ಧತೆ ಎಲ್ಲಿಂದ ಬಂತು? ಅದು ತಿದ್ದುವಿಕೆ. ಒಂದು ಪುಸ್ತಕವನ್ನಲ್ಲ, ತನ್ನ ಧ್ವನಿಯನ್ನೇ ತಿದ್ದಿಕೊಂಡದ್ದು. ದೇವನೂರ ಮಹಾದೇವ ಅವರ ‘ದ್ಯಾವನೂರು’ 1973ರಲ್ಲಿ ಬಂತು, ‘ಕುಸುಮಬಾಲೆ’ 1988ರಲ್ಲಿ. ನಡುವೆ ‘ಒಡಲಾಳ’. ಮೂರನ್ನೂ ಸೇರಿಸಿದರೆ ನಮ್ಮ ಎಷ್ಟೋ ಕಾದಂಬರಿಕಾರರ ಒಂದು ಕಾದಂಬರಿಯಷ್ಟು ದಪ್ಪವಾಗಲಿಕ್ಕಿಲ್ಲ. ಕುಸುಮಬಾಲೆಯಲ್ಲಿ ನಂಜನಗೂಡು ಸೀಮೆಯ ಮಾತನ್ನು ಕಾಗದದ ಮೇಲೆ ಇಳಿಸುವಾಗ ಪ್ರತಿ ಒತ್ತಕ್ಷರಕ್ಕೂ ಲೇಖಕ ಒಂದೊಂದು ತೀರ್ಮಾನ ತೆಗೆದುಕೊಂಡಿದ್ದಾರೆ. ಯಾವುದನ್ನು ಕೇಳಿದಂತೆ ಬಿಡುವುದು, ಯಾವುದನ್ನು ಓದುಗನಿಗಾಗಿ ಸರಿಮಾಡುವುದು ಎಂದು. ಅರ್ಥವಾಗುವುದಿಲ್ಲ ಎಂದು ದೂರಿದವರು ಹಳಗನ್ನಡ ಕಾವ್ಯವನ್ನು ಟಿಪ್ಪಣಿ ಇಟ್ಟುಕೊಂಡು ಓದುವವರೇ. ನಮ್ಮ ಹುಡುಗಿಯ ‘ಅತ್ತಿರ’ಕ್ಕೆ ಸುತ್ತಿದ ಕೆಂಪು ವೃತ್ತವೂ ಕುಸುಮಬಾಲೆಯ ಬಗೆಗಿನ ಆ ಗೊಣಗಾಟವೂ ಒಂದೇ ಕೈಯವು.

ತಿದ್ದುವ ಹಕ್ಕಿನ ಪ್ರಶ್ನೆ ಬಂದಾಗ ನೆನಪಿಗೆ ಬರುವುದು 1936ರ ಲಾಹೋರ್ ಪ್ರಸಂಗ. ಜಾತ್-ಪಾತ್ ತೋಡಕ್ ಮಂಡಲದವರು ಬಾಬಾಸಾಹೇಬರನ್ನು ಅಧ್ಯಕ್ಷತೆಗೆ ಕರೆದು, ಭಾಷಣದ ಪ್ರತಿ ನೋಡಿ ಗಾಬರಿಯಾಗಿ, ಕೆಲವು ಭಾಗಗಳನ್ನು ಬಿಡಬೇಕೆಂದು ಕೇಳಿಕೊಂಡರು. ಒಂದು ಅಲ್ಪವಿರಾಮವನ್ನೂ ಬದಲಿಸುವುದಿಲ್ಲ ಎಂದು ಅಂಬೇಡ್ಕರ್ ಬರೆದರು. ಸಮ್ಮೇಳನ ರದ್ದಾಯಿತು. ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ 1500 ಪ್ರತಿಗಳು ಎರಡು ತಿಂಗಳಲ್ಲಿ ಮುಗಿದವು. ನಾವು ಈ ಕತೆಯನ್ನು ಇಲ್ಲಿಗೇ ನಿಲ್ಲಿಸಿಬಿಡುತ್ತೇವೆ. ಅದೇ ಮನುಷ್ಯ 1937ರ ಎರಡನೇ ಮುದ್ರಣಕ್ಕೆ ಗಾಂಧೀಜಿಯ ಟೀಕೆಯನ್ನೂ ತಮ್ಮ ಉತ್ತರವನ್ನೂ ಸೇರಿಸಿದರು, 1944ರಲ್ಲಿ ಮೂರನೆಯದನ್ನು ತಂದಾಗ ಜಾತಿಯನ್ನು ಕುರಿತ ತಮ್ಮ ಹಳೆಯ ಪ್ರಬಂಧವನ್ನೂ ಜೊತೆಗಿಟ್ಟರು. ‘ಬುದ್ಧ ಮತ್ತು ಆತನ ಧಮ್ಮ’ದ ಮುನ್ನುಡಿಯನ್ನು 1956ರ ಡಿಸೆಂಬರ್ 5ರ ರಾತ್ರಿ, ತೀರಿಕೊಳ್ಳುವ ಕೆಲವೇ ಗಂಟೆ ಮೊದಲು ಕೂಡ ನೋಡುತ್ತಿದ್ದರು. ಬೇರೆಯವರು ತಿದ್ದು ಎಂದರೆ ಅಲ್ಪವಿರಾಮವನ್ನೂ ಬಿಟ್ಟುಕೊಡದ, ತಾನಾಗಿ ತಿದ್ದುವಾಗ ಸಾವಿನ ಹಿಂದಿನ ರಾತ್ರಿಯನ್ನೂ ಬಿಟ್ಟುಕೊಡದ ಈ ಎರಡು ಹಟಗಳೂ ಒಬ್ಬ ಬರಹಗಾರನವೇ. 2022ರಲ್ಲಿ ಪಠ್ಯಪುಸ್ತಕ ಪರಿಷ್ಕರಣೆಯ ಗಲಾಟೆ ನಡೆದಾಗ ಹತ್ತನೇ ತರಗತಿಯಲ್ಲಿದ್ದ ತಮ್ಮ ‘ಎದೆಗೆ ಬಿದ್ದ ಅಕ್ಷರ’ಕ್ಕೆ ಕೊಟ್ಟ ಒಪ್ಪಿಗೆಯನ್ನು ಮಹಾದೇವ ವಾಪಸ್ ಪಡೆದದ್ದನ್ನೂ ಈ ಸಾಲಿನಲ್ಲೇ ಇಟ್ಟು ನೋಡಬೇಕು.

ಬರವಣಿಗೆಯನ್ನು ಫಲಿತವಾಗಿ ನೋಡಬೇಡಿ, ಪ್ರಕ್ರಿಯೆಯಾಗಿ ಕಲಿಸಿ ಎಂದು ಅಮೆರಿಕದ ಡೊನಾಲ್ಡ್ ಮರ್ರೆ 1972ರಲ್ಲಿ ಹೇಳಿದ. ಯೋಚಿಸು, ಕರಡು ಬರಿ, ಮತ್ತೆ ಬರಿ, ಕಾಗುಣಿತ ಕೊನೆಗೆ ನೋಡಿಕೋ ಎಂಬ ಆ ಕ್ರಮ ಲೋಕವೆಲ್ಲ ಸುತ್ತಿ ನಮ್ಮ ತರಬೇತಿ ಶಿಬಿರಗಳಿಗೂ ಬಂದಿದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಮಕ್ಕಳ ಸ್ವಂತ ಅಭಿವ್ಯಕ್ತಿಗಿಂತ ‘ಸರಿಯಾಗಿ’ ಬರೆಸುವುದಕ್ಕೇ ಶಾಲೆ ಒತ್ತು ಕೊಡುವುದನ್ನು ಟೀಕಿಸಿತು. ಚೌಕಟ್ಟು ಬಂತು, ಗೈಡು ಹೋಗಲಿಲ್ಲ.

ಮರ್ರೆಗಿಂತ ನನಗೆ ಹತ್ತಿರವೆನಿಸುವವರು ಇಟಲಿಯ ಬಾರ್ಬಿಯಾನಾ ಎಂಬ ಗುಡ್ಡಗಾಡು ಹಳ್ಳಿಯ ಹುಡುಗರು. ಶಾಲೆಯಲ್ಲಿ ಫೇಲಾಗಿ ಹೊರಬಿದ್ದ ರೈತಾಪಿ ಮಕ್ಕಳನ್ನು ಲೊರೆಂಜೊ ಮಿಲಾನಿ ಎಂಬ ಪಾದ್ರಿ ಸೇರಿಸಿಕೊಂಡು ಪಾಠ ಹೇಳುತ್ತಿದ್ದ. ಅಲ್ಲಿನ ಎಂಟು ಹುಡುಗರು ಸೇರಿ ತಮ್ಮನ್ನು ಫೇಲು ಮಾಡಿದ ಮೇಡಮ್ಮಿಗೆ ಒಂದು ಪುಸ್ತಕದಷ್ಟು ಉದ್ದದ ಪತ್ರ ಬರೆದರು. ಅದು 1967ರಲ್ಲಿ ಅಚ್ಚಾಯಿತು. ಹೇಗೆ ಬರೆದರೆಂಬುದನ್ನೂ ಅದರಲ್ಲೇ ಹೇಳಿದ್ದಾರೆ. ಹೊಳೆದದ್ದನ್ನೆಲ್ಲ ಒಂದೊಂದು ಚೀಟಿಯಲ್ಲಿ ಒಂದೊಂದರಂತೆ ಬರೆದಿಡುವುದು. ಒಂದು ದಿನ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಒಂದೇ ಥರದವನ್ನು ಗುಡ್ಡೆ ಹಾಕುವುದು. ಗುಡ್ಡೆಗಳನ್ನು ಅಧ್ಯಾಯಗಳಾಗಿ ಜೋಡಿಸಿ ಬರೆಯುವುದು. ಮತ್ತೆ ಕತ್ತರಿ, ಅಂಟು. ಹೆಚ್ಚಾದ ಮಾತನ್ನೆಲ್ಲ ಕಿತ್ತುಹಾಕುವುದು. ಕೊನೆಗೆ ಹೆಚ್ಚು ಓದಿರದ ಹೊರಗಿನವರನ್ನು ಕರೆದು, ಅವರಿಂದ ಗಟ್ಟಿಯಾಗಿ ಓದಿಸಿ, ಅವರಿಗೆ ಅರ್ಥವಾಯಿತೇ ಎಂದು ನೋಡುವುದು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಕೇರಿಗಳಲ್ಲಿ ಅರ್ಜಿ ಬರೆಯುವ ರಾತ್ರಿಗಳು. ಸ್ಮಶಾನಕ್ಕೆ ಜಾಗ ಬೇಕು, ಬೋರ್‌ವೆಲ್ ಕೆಟ್ಟಿದೆ, ಮಂಜೂರಾದ ಜಮೀನು ಪರರ ಪಾಲಾಗಿದೆ. 1978ರ ಪಿ.ಟಿ.ಸಿ.ಎಲ್. ಕಾಯ್ದೆ ಬಂದ ಮೇಲೆ ಕೈಬಿಟ್ಟ ದರಖಾಸ್ತು ಜಮೀನನ್ನು ವಾಪಸ್ ಕೇಳಿ ಎ.ಸಿ. ಕಚೇರಿಗೆ ಎಷ್ಟು ಅರ್ಜಿಗಳು ಹೋಗಿವೆಯೋ! ಅವನ್ನು ಬರೆದವರಲ್ಲಿ ಎಂಟನೇ ಕ್ಲಾಸು, ಹತ್ತನೇ ಕ್ಲಾಸು ಓದುವ ಹುಡುಗ-ಹುಡುಗಿಯರೇ ಬಹಳ. ಸುತ್ತ ಹತ್ತು ಜನ ಕೂತಿರುತ್ತಾರೆ. “ಹಂಗಲ್ಲ ಕಣ್ಲಾ, ನಮ್ಮಜ್ಜನ ಹೆಸ್ರು ಮೊದ್ಲು ಬರಿ.” “ದೌರ್ಜನ್ಯ ಅಂತ ಬ್ಯಾಡ, ಮೊದ್ಲೇ ಅಂಗಂದ್ರೆ ಸಾಹೇಬ್ರು ಸಿಟ್ಟಾಯ್ತಾರೆ, ಕೆಳಗೆ ಬರಿ.” “ಒಂದ್ಸತಿ ಓದು ನೋಡಾನ.” ಓದುತ್ತಾನೆ. ಒಬ್ಬಳು ಮುದುಕಿ ಅಡ್ಡಬಾಯಿ ಹಾಕುತ್ತಾಳೆ, ಸಾಲು ಬದಲಾಗುತ್ತದೆ. ಮೂರನೇ ಹಾಳೆಯಲ್ಲಿ ಅರ್ಜಿ ಒಂದು ಹದಕ್ಕೆ ಬರುತ್ತದೆ, ಹೆಬ್ಬೆಟ್ಟು ಬೀಳುತ್ತವೆ. ಪತ್ರದ ಮಾತಿಗೆ ಕನ್ನಡದಲ್ಲಿ ‘ಒಕ್ಕಣೆ’ ಎನ್ನುತ್ತಾರೆ, ಕಣದಲ್ಲಿ ರಾಗಿ ಬಡಿದು ಕಾಳು ಬಿಡಿಸುವುದಕ್ಕೂ ಒಕ್ಕಣೆಯೇ. ಅಲ್ಲಿ ನಡೆಯುವುದು ಎರಡೂ. ಬರವಣಿಗೆಯ ಪ್ರಕ್ರಿಯೆ ನಮ್ಮ ಮಕ್ಕಳಿಗೆ ಗೊತ್ತಿಲ್ಲ ಎನ್ನುವ ತರಬೇತುದಾರರು ಒಂದು ರಾತ್ರಿ ಇಲ್ಲಿಗೆ ಬಂದು ಕೂರಬೇಕು. ಓದುಗ ಯಾರು, ಅವನ ಸಿಟ್ಟು ಎಂಥದು, ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ತಡೆದು ಹೇಳಬೇಕು ಎಂಬುದನ್ನು ಬಲ್ಲ ಅದೇ ಹುಡುಗ ಬೆಳಗೆದ್ದು ಶಾಲೆಗೆ ಹೋಗಿ ‘ಇತ್ತ ಕಡೆ ಕ್ಷೇಮ’ ಎಂದು ಬರೆಯುತ್ತಾನೆ. ರಾತ್ರಿಯ ಕೆಲಸವೂ ಬರವಣಿಗೆಯೇ ಎಂದು ಅವನಿಗೆ ಯಾರೂ ಹೇಳಿಲ್ಲ.

ಇಷ್ಟಾದ ಮೇಲೂ ಪ್ರಕ್ರಿಯೆ ಎಂಬುದನ್ನು ನಾನು ಪೂರ್ತಿ ಒಪ್ಪಿಕೊಂಡು ಕೂರಲಾರೆ. ಅದಕ್ಕೆ ಕಾರಣ ಲೀಸಾ ಡೆಲ್ಪಿಟ್ ಎಂಬ ಕಪ್ಪು ಅಮೆರಿಕನ್ ಶಿಕ್ಷಕಿ. 1986 ಮತ್ತು 1988ರಲ್ಲಿ ಬರೆದ ಎರಡು ಲೇಖನಗಳಲ್ಲಿ ಆಕೆ ತನ್ನ ಪ್ರಗತಿಪರ ಬಿಳಿಯ ಗೆಳೆಯರಿಗೆ ಕಹಿಯಾದ ಮಾತೊಂದನ್ನು ಹೇಳಿದಳು. ನಿಮ್ಮ ಮಕ್ಕಳು ಅಧಿಕಾರದ ಭಾಷೆಯನ್ನು ಮನೆಯಲ್ಲೇ ಕಲಿತು ಬಂದಿರುತ್ತಾರೆ, ಹಾಗಾಗಿ ತರಗತಿಯಲ್ಲಿ ಮನಸ್ಸಿಗೆ ಬಂದಂತೆ ಬರಿ ಎಂದರೆ ಅವರಿಗೆ ನಷ್ಟವಿಲ್ಲ. ನಮ್ಮ ಮಕ್ಕಳಿಗೆ ಆ ನಿಯಮಗಳನ್ನು ಬಿಡಿಸಿ ಹೇಳಿಕೊಡದೆ ‘ನಿನ್ನ ಧ್ವನಿ ಚೆನ್ನಾಗಿದೆ’ ಎಂದು ಬೆನ್ನು ತಟ್ಟಿ ಕಳಿಸಿದರೆ ಅವರು ಬಾಗಿಲ ಹೊರಗೇ ಉಳಿಯುತ್ತಾರೆ ಎಂಬುದು ಅವಳ ವಾದದ ತಿರುಳು. ಪೆಟ್ಟು ನನಗೇ ಬಿತ್ತು. ಬೆಂಗಳೂರಿನ ಕಾನ್ವೆಂಟಿನ ಮಗು ‘ನನ್ನ ಬೇಸಿಗೆ ರಜೆ’ ಎಂದು ಮನೆಮಾತಿನಲ್ಲಿ ಬರೆದರೆ ಅದು ಸೃಜನಶೀಲತೆ ಆಗುತ್ತದೆ. ‘ಅತ್ತಿರ’ ಎಂದು ಬರೆದ ನಮ್ಮ ಹುಡುಗಿಯನ್ನು ಭಾಷಾಚರಿತ್ರೆ ಹೇಳಿ ನಾನು ಸಮರ್ಥಿಸಬಹುದು, ಆದರೆ ನಾಳೆ ಅವಳ ಅರ್ಜಿ ನೋಡುವ ಗುಮಾಸ್ತನಿಗೆ ಹತ್ತನೇ ಶತಮಾನದ ಪಕಾರ ಕಟ್ಟಿಕೊಂಡು ಏನಾಗಬೇಕು?

ಹಾಗಾಗಿ ನಾಲ್ಕನೇ ವಾರ ಹಕಾರವನ್ನು ಕಲಿಸಿದೆ. ತಪ್ಪು ಎಂದು ಹೇಳಲಿಲ್ಲ, ಇದು ಬಾಯಿಯ ಕನ್ನಡ, ಇದು ಕಚೇರಿಯ ಕನ್ನಡ, ಎರಡೂ ಕೈಲಿರಲಿ ಎಂದೆ. ಮಕ್ಕಳು ಸಲೀಸಾಗಿ ಒಪ್ಪಿಕೊಂಡರು. ಊರೊಳಗೆ ಒಂದು ಮಾತು, ಕೇರಿಯಲ್ಲಿ ಒಂದು ಮಾತು ಆಡಿ ಅಭ್ಯಾಸವಿರುವವರಿಗೆ ಇದೇನು ದೊಡ್ಡ ವಿಷಯ.

ಆ ಹುಡುಗಿ ಮಾತ್ರ ಎದ್ದು ನಿಂತು ಕೇಳಿದಳು: “ಪರೀಕ್ಷೇಲಿ ಜಾತ್ರೆ ಬಂದ್ರೆ ಯಾವ್ದು ಬರೀಲಿ ಸಾ?”

ಪ್ರಶ್ನೆ ಕಾಗುಣಿತದ್ದಾಗಿರಲಿಲ್ಲ. ಹಕಾರ ಸರಿಮಾಡಿ ತಮಟೆಯ ಪ್ರಬಂಧವನ್ನೇ ಬರೆದರೂ, ಮೌಲ್ಯಮಾಪನ ಮಾಡುವವರು ಪೀಠಿಕೆ ಎಲ್ಲಿ, ಉಪಸಂಹಾರ ಎಲ್ಲಿ ಎಂದು ಹುಡುಕುತ್ತಾರೆ. ಒಂದೊಂದು ಅಂಕವೂ ಅವಳಿಗೆ ಮುಖ್ಯ, ಪಿ.ಯು.ಸಿ.ಗೆ ಹಾಸ್ಟೆಲ್ ಸೀಟು ಸಿಗಬೇಕು. ಮೂರು ವಾರ ಅವಳ ನಿಜವನ್ನು ಹೊರತೆಗೆಸಲು ಒದ್ದಾಡಿದ ನಾನು, ಸ್ವಲ್ಪ ಹೊತ್ತು ಸುಮ್ಮನಿದ್ದು, “ಪರೀಕ್ಷೇಲಿ ಮೊದಲಿನದನ್ನೇ ಬರಿ” ಎಂದೆ. ಅವಳು ತಲೆಯಾಡಿಸಿ ಕೂತಳು. ಡೆಲ್ಪಿಟ್ ಹೇಳಿದ್ದು ಇದನ್ನಲ್ಲ ಎಂದು ನನಗೆ ಆಗಲೂ ಗೊತ್ತಿತ್ತು. ನಿಯಮ ಕಲಿಸು ಎಂದರೆ ಸುಳ್ಳು ಕಲಿಸು ಎಂದಲ್ಲ.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಜಾತ್ರೆಯೇ ಬಂತು. ತಿದ್ದಿಕೊಟ್ಟ ಉತ್ತರ ಪತ್ರಿಕೆಯನ್ನು ಅವಳು ತಂದು ತೋರಿಸಿದಳು. ಮೇಲೆ ವಿಜೃಂಭಣೆಯ ಪ್ರಬಂಧ, ಮೂರೂ ಉಪಶೀರ್ಷಿಕೆಗಳ ಸಮೇತ. ಉಪಸಂಹಾರದ ಕೆಳಗೆ ಎರಡು ಗೆರೆ ಜಾಗ ಬಿಟ್ಟು ತಮಟೆಯದು.

“ಎರಡೂ ಯಾಕಮ್ಮಾ ಬರೆದೆ?”

“ಮೊದ್ಲು ನಿಮ್ದು ಬರ್ದೆ. ಜಾಗ ಉಳೀತು, ಆಮೇಲೆ ನಂದು ಬರ್ದೆ.”

ಮೇಲಿನದಕ್ಕೆ ಐದಕ್ಕೆ ಮೂರೂವರೆ ಬಿದ್ದಿತ್ತು. ಕೆಳಗಿನದಕ್ಕೆ ಮೂಲೆಯಿಂದ ಮೂಲೆಗೆ ಒಂದು ಕೆಂಪು ಗೆರೆ, ಪಕ್ಕದಲ್ಲಿ ‘ಅನಗತ್ಯ’. ಆದರೆ ಹೊಡೆದುಹಾಕುವ ಮುಂಚೆ ಆ ಮೇಷ್ಟ್ರು ಅದನ್ನು ಪೂರ್ತಿ ಓದಿದ್ದರು. ಅವಸರದಲ್ಲಿ ಅವಳು ಮತ್ತೆ ‘ಒರಟ’ ಎಂದು ಬರೆದಿದ್ದ ಒಂದು ಕಡೆ, ಕೊನೆಯ ಸಾಲಿನಲ್ಲಿ, ಒಕಾರದ ಮೇಲೆ ಜಾಗರೂಕತೆಯಿಂದ ‘ಹೊ’ ಎಂದು ಬರೆದಿದ್ದರು.